ಓಪನ್ ಸೋರ್ಸ್ ಸೆಟ್-ಟಾಪ್ ಬಾಕ್ಸ್: ಚರಿತ್ರೆ

ಉಪಗ್ರಹ, ಕೇಬಲ್, ಆಂಟೆನಾ ಅಥವಾ ಇಂಟರ್‌ನೆಟ್ ಮೂಲಕ ಬರುವ ಟಿವಿ ಸಂಕೇತವನ್ನು ಹಿಡಿದು, ಬಿಡಿಸಿ, ಪರದೆಗೆ ಕೊಡುವ ಪೆಟ್ಟಿಗೆಯೇ ಸೆಟ್-ಟಾಪ್ ಬಾಕ್ಸ್. ಅದರೊಳಗಿನ ತಂತ್ರಾಂಶದ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಅದೇ ಪೆಟ್ಟಿಗೆಗೆ ತುಂಬಿ ನಡೆಸಬಹುದು ಎಂಬಂತಿದ್ದರೆ ಅದು ಓಪನ್ ಸೋರ್ಸ್ ಸೆಟ್-ಟಾಪ್ ಬಾಕ್ಸ್. ಈ ಮೂರರಲ್ಲಿ ಕೊನೆಯದೇ ಕಠಿಣ. 1999ರಿಂದ ಈಚೆಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಇರುವ ಪೆಟ್ಟಿಗೆಗಳು ಕೋಟಿಗಟ್ಟಲೆ ಮನೆಗಳನ್ನು ಸೇರಿವೆ, ಅವುಗಳಲ್ಲಿ ಹಲವುಗಳ ಸೋರ್ಸ್ ಕೋಡ್ ಕೇಳಿದರೆ ಸಿಗುತ್ತದೆ. ತಿದ್ದಿದ ಕೋಡನ್ನು ಒಳಕ್ಕೆ ಬಿಟ್ಟುಕೊಳ್ಳುವ ಪೆಟ್ಟಿಗೆಗಳು ಮಾತ್ರ ಕೆಲವೇ. ಹೀಗಾಗಿ ಇವುಗಳ ಚರಿತ್ರೆ ಬಹುಮಟ್ಟಿಗೆ ಬೀಗದ ಚರಿತ್ರೆ. ವಿದ್ಯುತ್ ಹರಿದ ಕೂಡಲೇ ಮೊದಲು ಓಡುವ ಬೂಟ್‌ಲೋಡರ್ ಯಾರ ಮಾತು ಕೇಳುತ್ತದೆ ಎಂಬುದು ಇಲ್ಲಿನ ಮೊದಲ ಪ್ರಶ್ನೆ.

ಪೆಟ್ಟಿಗೆಯ ಒಳಗೆ

ಯುರೋಪಿನಲ್ಲಿ 1993ರಲ್ಲಿ ಹುಟ್ಟಿದ ಡಿವಿಬಿ ಎಂಬ ಡಿಜಿಟಲ್ ಟಿವಿ ಯೋಜನೆಯ ಮಾನಕಗಳನ್ನು ಭಾರತವೂ ಸೇರಿ ಹಲವು ದೇಶಗಳು ಅನುಸರಿಸುತ್ತವೆ. ಡಿಶ್ಶಿನಿಂದಲೋ ಕೇಬಲ್ಲಿನಿಂದಲೋ ಬಂದ ತರಂಗವನ್ನು ಟ್ಯೂನರ್ ಬಿಟ್‌ಗಳಾಗಿ ಮಾಡಿದ ಮೇಲೆ ಅವು 188 ಬೈಟ್‌ಗಳ ಪೊಟ್ಟಣಗಳಾಗಿ ಸಾಲುಗಟ್ಟಿ ಬರುತ್ತವೆ. ಒಂದೇ ತರಂಗದಲ್ಲಿ ಹತ್ತಾರು ಚಾನೆಲ್‌ಗಳ ಚಿತ್ರ, ಧ್ವನಿ, ಸಬ್‌ಟೈಟಲ್ ಎಲ್ಲ ಕಲೆತಿರುತ್ತವೆ. ಯಾವ ಪೊಟ್ಟಣ ಯಾವುದಕ್ಕೆ ಸೇರಿದ್ದು ಎಂದು ಹೇಳುವುದು ಅದರ ತಲೆಬರಹದಲ್ಲಿರುವ 13 ಬಿಟ್‌ಗಳ ಪಿಐಡಿ ಸಂಖ್ಯೆ. ಪಿಐಡಿ 0 ಇರುವ ಪೊಟ್ಟಣಗಳಲ್ಲಿ ಚಾನೆಲ್‌ಗಳ ಪಟ್ಟಿ ಇರುತ್ತದೆ. ಆ ಪಟ್ಟಿ ಪ್ರತಿ ಚಾನೆಲ್‌ಗೂ ಇನ್ನೊಂದು ಪಿಐಡಿಯನ್ನು ತೋರಿಸುತ್ತದೆ, ಅಲ್ಲಿಗೆ ಹೋದರೆ ಚಿತ್ರ ಯಾವ ಪಿಐಡಿಯಲ್ಲಿದೆ, ಧ್ವನಿ ಯಾವುದರಲ್ಲಿದೆ ಎಂದು ತಿಳಿಯುತ್ತದೆ. ಬೇಕಾದ ಪೊಟ್ಟಣಗಳನ್ನಷ್ಟೇ ಆರಿಸಿಕೊಳ್ಳುವ ಕೆಲಸ ಡೀಮಕ್ಸ್‌ನದು. ಇಷ್ಟೂ ಪ್ರಕಟಿತ ಮಾನಕದಲ್ಲೇ ಇದೆ, ಯಾವ ಗುಟ್ಟೂ ಇಲ್ಲ.

ಗುಟ್ಟು ಶುರುವಾಗುವುದು ಇದರ ಮುಂದೆ. ಹಣ ಕೊಟ್ಟು ನೋಡುವ ಚಾನೆಲ್‌ನ ಪೊಟ್ಟಣಗಳನ್ನು ಕಲಕಿ ಕಳಿಸಲಾಗುತ್ತದೆ. ಅವನ್ನು ಸರಿಪಡಿಸುವ ಕೀಲಿ ಕೆಲವು ಸೆಕೆಂಡ್‌ಗಳಿಗೊಮ್ಮೆ ಬದಲಾಗುತ್ತಿರುತ್ತದೆ, ಅದನ್ನು ಬಿಡಿಸಿ ಕೊಡುವುದು ಚಂದಾದಾರನ ಸ್ಮಾರ್ಟ್‌ಕಾರ್ಡ್. ಆಮೇಲೆ ಎಂಪೆಗ್ ವಿಧಾನದಲ್ಲಿ ಕುಗ್ಗಿಸಿದ ಚಿತ್ರವನ್ನು ಬಿಚ್ಚಬೇಕು. 2000ದ ಸುಮಾರಿನ ಪೆಟ್ಟಿಗೆಯ ಮುಖ್ಯ ಪ್ರೊಸೆಸರ್‌ಗೆ ಅದಕ್ಕೆ ಬೇಕಾದ ಶಕ್ತಿ ಇರಲಿಲ್ಲವಾದ್ದರಿಂದ ಆ ಕೆಲಸಕ್ಕೆ ಪ್ರತ್ಯೇಕ ಡಿಕೋಡರ್ ಚಿಪ್ ಇಡುತ್ತಿದ್ದರು. ಅದರ ಕೈಪಿಡಿಯನ್ನು ಚಿಪ್ ತಯಾರಕರು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರಿಗಷ್ಟೇ ಕೊಡುತ್ತಿದ್ದರು. ಬೂಟ್‌ಲೋಡರ್ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ, ಡಿಕೋಡರ್‌ನ ಕೈಪಿಡಿ ಮತ್ತೊಂದು ಕಡೆ. ಪೆಟ್ಟಿಗೆಯನ್ನು ತನ್ನದಾಗಿಸಿಕೊಳ್ಳಲು ಹೊರಟ ಡೆವಲಪರ್ ಈ ಮೂರನ್ನೂ ಎದುರಿಸಬೇಕಿತ್ತು.

ಟಿವೋ

ಲಿನಕ್ಸನ್ನು ಮನೆಯ ಟಿವಿಗೆ ತಂದ ಮೊದಲ ಜನಪ್ರಿಯ ಸಾಧನ ಅಮೆರಿಕದ ಟಿವೋ. ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ 1997ರಲ್ಲಿ ಕಟ್ಟಿದ ಈ ಕಂಪನಿಯ ಮೊದಲ ರೆಕಾರ್ಡರ್ 1999ರ ಮಾರ್ಚ್ ಕೊನೆಗೆ ಹೊರಬಂತು. ಒಳಗಿದ್ದದ್ದು 54 ಮೆಗಾಹರ್ಟ್ಸ್‌ನ ಪವರ್‌ಪಿಸಿ ಪ್ರೊಸೆಸರ್, 16 ಎಂಬಿ ಮೆಮರಿ, ಒಂದು ಹಾರ್ಡ್‌ಡಿಸ್ಕ್. ಹವ್ಯಾಸಿಗಳು ಅದನ್ನು ಬಿಚ್ಚಿ ದೊಡ್ಡ ಡಿಸ್ಕ್ ಹಾಕಿದರು, ನೆಟ್‌ವರ್ಕ್ ಕಾರ್ಡ್ ಸೇರಿಸಿದರು. ಮುಂದಿನ ತಲೆಮಾರಿನ ಪೆಟ್ಟಿಗೆಗಳಲ್ಲಿ ಕಂಪನಿ ದಾರಿ ಮುಚ್ಚಿತು. ಲಿನಕ್ಸ್‌ನ ತಿರುಳಾದ ಕರ್ನೆಲ್ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ಹಾರ್ಡ್‌ವೇರೇ ಪರೀಕ್ಷಿಸುತ್ತಿತ್ತು, ಇಲ್ಲದಿದ್ದರೆ ಪೆಟ್ಟಿಗೆ ಏಳುತ್ತಿರಲಿಲ್ಲ. ಲಿನಕ್ಸ್‌ನ ಜಿಪಿಎಲ್ ಲೈಸೆನ್ಸ್ ಹೇಳಿದಂತೆ ಸೋರ್ಸ್ ಕೋಡನ್ನು ಮಾತ್ರ ಕಂಪನಿ ಕೊಡುತ್ತಲೇ ಇತ್ತು.

ಇದು ಕಾನೂನಿನ ಅಕ್ಷರಕ್ಕೆ ಸರಿ, ಆಶಯಕ್ಕೆ ವಿರುದ್ಧ ಎಂದು ಆ ಲೈಸೆನ್ಸ್ ಬರೆದ ರಿಚರ್ಡ್ ಸ್ಟಾಲ್‌ಮನ್ ವಾದಿಸಿದರು, ಇಂಥ ಬೀಗಕ್ಕೆ ‘ಟಿವೋಯಿಸೇಶನ್’ ಎಂದು ಹೆಸರಿಟ್ಟರು. 2007ರ ಜೂನ್ 29ರಂದು ಹೊರಬಂದ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ, ಮನೆಬಳಕೆಯ ಸಾಧನ ಮಾರುವವರು ತಿದ್ದಿದ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕು ಎಂಬ ಷರತ್ತು ಸೇರಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಹಾರ್ಡ್‌ವೇರ್ ಹೇಗಿರಬೇಕೆಂಬುದು ತಯಾರಕರಿಗೆ ಬಿಟ್ಟದ್ದು ಎಂಬುದು ಅವರ ನಿಲುವು. ಲಿನಕ್ಸ್ ಕರ್ನೆಲ್ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಇಂದಿನ ಸೆಟ್-ಟಾಪ್ ಬಾಕ್ಸ್‌ಗಳ ಪಾಡನ್ನು ನಿರ್ಧರಿಸಿದ ಘಟನೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೆನ್ನಬಹುದು.

ಡಿ-ಬಾಕ್ಸ್ 2 ಮತ್ತು ಟಕ್ಸ್‌ಬಾಕ್ಸ್

ಮುಕ್ತ ಪೆಟ್ಟಿಗೆಯ ಕಥೆ ಹುಟ್ಟಿದ್ದು ಜರ್ಮನಿಯಲ್ಲಿ, ಅದೂ ಅತ್ಯಂತ ಬಿಗಿಯಾಗಿ ಮುಚ್ಚಿದ್ದ ಒಂದು ಪೆಟ್ಟಿಗೆಯಿಂದ. ಮಾಧ್ಯಮ ದೊರೆ ಲಿಯೋ ಕಿರ್ಚ್ 1996ರ ಜುಲೈನಲ್ಲಿ ಡಿಎಫ್1 ಎಂಬ ಡಿಜಿಟಲ್ ಟಿವಿ ಸೇವೆ ಆರಂಭಿಸಿದಾಗ ಅದಕ್ಕೆಂದೇ ‘ಡಿ-ಬಾಕ್ಸ್’ ತಂದರು. ಅದರ ತಂತ್ರಾಂಶ ಮತ್ತು ಗೂಢಲಿಪಿ ವ್ಯವಸ್ಥೆ ಅವರದೇ ಬೀಟಾರಿಸರ್ಚ್ ಸಂಸ್ಥೆಯ ಕೈಯಲ್ಲಿತ್ತು. ಕಿರ್ಚ್, ಬರ್ಟೆಲ್ಸ್‌ಮನ್ ಮತ್ತು ಡಾಯ್ಚೆ ಟೆಲಿಕಾಂ ಕೈಜೋಡಿಸಿ ಇಡೀ ದೇಶಕ್ಕೆ ಇದೊಂದೇ ಪೆಟ್ಟಿಗೆ ಎಂಬಂತೆ ಮಾಡಹೊರಟಾಗ ಯುರೋಪಿಯನ್ ಕಮಿಷನ್ 1998ರ ಮೇ 27ರಂದು ಆ ಒಪ್ಪಂದಗಳನ್ನು ತಡೆಯಿತು. ಟಿವಿ ಪೆಟ್ಟಿಗೆಯ ಬೀಗ ಬರೀ ಎಂಜಿನಿಯರುಗಳ ವಿಷಯವಲ್ಲ, ಮಾರುಕಟ್ಟೆಯ ಹೆಬ್ಬಾಗಿಲನ್ನು ಯಾರು ಕಾಯುತ್ತಾರೆ ಎಂಬ ವಿಷಯ ಎಂದು ಒಂದು ಸರ್ಕಾರಿ ಸಂಸ್ಥೆ ಅಷ್ಟು ಹಿಂದೆಯೇ ಗುರುತಿಸಿದ್ದು ಗಮನಾರ್ಹ.

ಎರಡನೇ ತಲೆಮಾರಿನ ಡಿ-ಬಾಕ್ಸ್ 2 ಅನ್ನು ನೋಕಿಯಾ, ಫಿಲಿಪ್ಸ್, ಸಜೆಮ್ ಮೂರೂ ಕಂಪನಿಗಳು ತಯಾರಿಸಿದವು. 66 ಮೆಗಾಹರ್ಟ್ಸ್‌ನ ಮೊಟೊರೊಲಾ ಪವರ್‌ಪಿಸಿ, 32 ಎಂಬಿ ಮೆಮರಿ, 8 ಎಂಬಿ ಫ್ಲ್ಯಾಶ್, ಮುಂಭಾಗದಲ್ಲಿ ಪುಟ್ಟ ಎಲ್‌ಸಿಡಿ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಎತರ್‌ನೆಟ್ ಕಿಂಡಿ. ಹಾರ್ಡ್‌ವೇರ್ ಗಟ್ಟಿಯಾಗಿತ್ತು. ಆದರೆ ಕಂಪನಿ ಕೊಟ್ಟ ತಂತ್ರಾಂಶ ಅದಕ್ಕೆ ತಕ್ಕ ವೇಗದಲ್ಲಿ ಓಡುತ್ತಿರಲಿಲ್ಲ, ಚಾನೆಲ್ ಬದಲಿಸಲೂ ಕಾಯಬೇಕು ಎಂಬುದು ಬಳಕೆದಾರರ ಸಾಮಾನ್ಯ ದೂರು.

ಬೂಟ್‌ಲೋಡರ್‌ನಲ್ಲಿ ತಯಾರಕರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡಿದ್ದ ‘ಡಿಬಗ್ ಮೋಡ್’ ಇದೆ ಎಂದು ಹವ್ಯಾಸಿಗಳು ಕಂಡುಕೊಂಡರು. ಅದನ್ನು ಎಬ್ಬಿಸುವ ಕ್ರಮವೇ ಒಂದು ಸಾಹಸ. ಪೆಟ್ಟಿಗೆಯ ಮುಚ್ಚಳ ತೆಗೆಯಬೇಕು, ಸೀರಿಯಲ್ ಕೇಬಲ್ಲನ್ನೂ ನೆಟ್‌ವರ್ಕ್ ಕೇಬಲ್ಲನ್ನೂ ಕಂಪ್ಯೂಟರಿಗೆ ಜೋಡಿಸಬೇಕು, ಪೆಟ್ಟಿಗೆ ಏಳುತ್ತಿರುವಾಗ ಸರಿಯಾದ ಕ್ಷಣದಲ್ಲಿ ಬೋರ್ಡಿನ ಮೇಲಿನ ಎರಡು ಬಿಂದುಗಳನ್ನು ತಂತಿಯಿಂದ ಮುಟ್ಟಿಸಿ ಫ್ಲ್ಯಾಶ್ ಚಿಪ್ಪಿನ ಬರೆಯದಂತೆ ತಡೆಯುವ ರಕ್ಷಣೆಯನ್ನು ತೆಗೆಯಬೇಕು. ತಂತಿ ತಪ್ಪು ಕಾಲಿಗೆ ತಗಲಿದರೆ ಪೆಟ್ಟಿಗೆ ಮತ್ತೆ ಏಳದೇ ಹೋಗಬಹುದಿತ್ತು. ಸಾವಿರಾರು ಜನ ಮನೆಯ ಮೇಜಿನ ಮೇಲೆ ಈ ಕೆಲಸ ಮಾಡಿದರು. ಆಮೇಲೆ ಪೆಟ್ಟಿಗೆ ತನ್ನ ಕರ್ನೆಲನ್ನು ನೆಟ್‌ವರ್ಕಿನ ಮೂಲಕ ಕಂಪ್ಯೂಟರಿನಿಂದಲೇ ಪಡೆದು ಎದ್ದುಕೊಳ್ಳುತ್ತಿತ್ತು. ಡೆವಲಪರ್‌ಗೆ ಇದಕ್ಕಿಂತ ಬೇರೇನೂ ಬೇಡ: ಕೋಡ್ ತಿದ್ದಿ, ಕಂಪೈಲ್ ಮಾಡಿ, ರೀಬೂಟ್ ಕೊಟ್ಟರೆ ಹೊಸದು ಓಡುತ್ತದೆ.

ಈ ಬುನಾದಿಯ ಮೇಲೆ ಕಟ್ಟಿದ ಲಿನಕ್ಸ್ ಯೋಜನೆಯೇ ಟಕ್ಸ್‌ಬಾಕ್ಸ್. ನ್ಯೂಟ್ರಿನೋ, ಎನಿಗ್ಮಾ, ಎಲ್‌ಕಾರ್ಸ್ ಎಂಬ ಬೇರೆ ಬೇರೆ ಬಳಕೆದಾರ ಇಂಟರ್‌ಫೇಸ್‌ಗಳನ್ನು ಬೇರೆ ಬೇರೆ ಗುಂಪುಗಳು ಬರೆದವು. ಕಂಪನಿಯ ತಂತ್ರಾಂಶದಲ್ಲಿ ಇಲ್ಲದ್ದು ಇಲ್ಲಿ ಬಂತು. ಕಾರ್ಯಕ್ರಮವನ್ನು ನೆಟ್‌ವರ್ಕಿನ ಮೂಲಕ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು, ಬ್ರೌಸರಿನಿಂದಲೇ ಪೆಟ್ಟಿಗೆಯನ್ನು ನಡೆಸುವುದು ಎರಡೂ ಸಾಧ್ಯವಾದವು. ಆದರೂ ಡಿಕೋಡರ್ ಚಿಪ್ಪಿನ ಬೀಗ ತೆರೆಯಲಿಲ್ಲ. ಆ ಚಿಪ್ ನಡೆಯಲು ಬೇಕಾದ ಮೈಕ್ರೋಕೋಡ್ ಬೇರೆಯವರ ಹಕ್ಕುಸ್ವಾಮ್ಯದ ವಸ್ತು. ಅದನ್ನು ಟಕ್ಸ್‌ಬಾಕ್ಸ್‌ನವರು ಹಂಚುವಂತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯ ಮೂಲ ತಂತ್ರಾಂಶದಿಂದಲೇ ಆ ಕಡತಗಳನ್ನು ಹೊರತೆಗೆದು ಹೊಸದಕ್ಕೆ ಸೇರಿಸಿಕೊಳ್ಳಬೇಕಿತ್ತು. ಮುಕ್ತ ತಂತ್ರಾಂಶ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಗಡಿರೇಖೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. 2002ರ ಏಪ್ರಿಲ್‌ನಲ್ಲಿ ಕಿರ್ಚ್ ಸಾಮ್ರಾಜ್ಯ ದಿವಾಳಿಯಾಯಿತು. ಅದು ಬಿಟ್ಟುಹೋದ ಪೆಟ್ಟಿಗೆಗಳು ಹಳೇ ಸಾಮಾನಿನ ಮಾರುಕಟ್ಟೆಯಲ್ಲಿ ಹವ್ಯಾಸಿಗಳ ಕೈಗೆ ಸಿಕ್ಕಿ ಇನ್ನೂ ಹಲವು ವರ್ಷ ದುಡಿದವು.

ಅದೇ ಕಾಲದಲ್ಲಿ ಬರ್ಲಿನ್‌ನ ಕನ್ವರ್ಜೆನ್ಸ್ ಸಂಸ್ಥೆಯವರು ಲಿನಕ್ಸ್‌ಗೆ ಡಿವಿಬಿ ಇಂಟರ್‌ಫೇಸ್ ರೂಪಿಸಿದರು. ಟ್ಯೂನರ್, ಡೀಮಕ್ಸ್, ಕಾರ್ಡ್ ಕಿಂಡಿ ಎಲ್ಲವೂ ಸಾಮಾನ್ಯ ಡಿವೈಸ್ ಕಡತಗಳಾಗಿ ಕಾಣುವ ಈ ವ್ಯವಸ್ಥೆ 2003ರ ಡಿಸೆಂಬರಿನ 2.6 ಕರ್ನೆಲ್ಲಿನಲ್ಲೇ ಸೇರಿತ್ತು. ಕ್ಲೌಸ್ ಶ್ಮಿಡಿಂಗರ್ 2000ದಲ್ಲಿ ಶುರುಮಾಡಿದ ವಿಡಿಆರ್ ಎಂಬ ರೆಕಾರ್ಡರ್ ತಂತ್ರಾಂಶವೂ ಇದನ್ನೇ ಆಧರಿಸಿದೆ. ಡೆವಲಪರ್‌ಗಳನ್ನು ಮೊದಲೇ ಆಹ್ವಾನಿಸಿ ಮುಕ್ತ ವೇದಿಕೆಯಾಗಿ ಪೆಟ್ಟಿಗೆ ಮಾಡುವ ಪ್ರಯತ್ನವನ್ನು ನೋಕಿಯಾ ಕೂಡ ನಡೆಸಿತ್ತು. ಲಿನಕ್ಸ್, ಮೊಜಿಲಾ ಬ್ರೌಸರ್ ಇದ್ದ ಅದರ ‘ಮೀಡಿಯಾ ಟರ್ಮಿನಲ್’ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ.

ಡ್ರೀಮ್‌ಬಾಕ್ಸ್

ಮುರಿದು ತೆರೆಯಬೇಕಾದ ಪೆಟ್ಟಿಗೆಯ ಬದಲು ತೆರೆದೇ ಇರುವ ಪೆಟ್ಟಿಗೆ ಮಾರಿದರೆ ಹೇಗೆ? ಜರ್ಮನಿಯ ಲ್ಯೂನೆನ್ ಪಟ್ಟಣದ ಡ್ರೀಮ್ ಮಲ್ಟಿಮೀಡಿಯಾ ಕಂಪನಿ ಇದಕ್ಕೆ ಕೊಟ್ಟ ಉತ್ತರ ಡ್ರೀಮ್‌ಬಾಕ್ಸ್ 7000. ಐಬಿಎಂನ ಪವರ್‌ಪಿಸಿ ಚಿಪ್, 64 ಎಂಬಿ ಮೆಮರಿ, ಹಾರ್ಡ್‌ಡಿಸ್ಕ್‌ಗೆ ಜಾಗ, ಎತರ್‌ನೆಟ್, ಗೂಢಲಿಪಿ ಮಾಡ್ಯೂಲ್ ಸಿಕ್ಕಿಸಲು ಎರಡು ಕಾಮನ್ ಇಂಟರ್‌ಫೇಸ್ ಕಿಂಡಿಗಳು, ಜೊತೆಗೆ ಟಕ್ಸ್‌ಬಾಕ್ಸ್‌ನಿಂದಲೇ ಬಂದ ಎನಿಗ್ಮಾ. ಎನಿಗ್ಮಾದ ಹಿಂದಿದ್ದ ಮುಖ್ಯ ತಲೆ ಫೆಲಿಕ್ಸ್ ಡೊಮ್ಕೆ. ಪೆಟ್ಟಿಗೆಗೆ ಟೆಲ್ನೆಟ್ ಮಾಡಿದರೆ ಲಿನಕ್ಸ್ ಪ್ರಾಂಪ್ಟ್ ಬರುತ್ತಿತ್ತು. ಅದು ಆಗಿನ ಮಟ್ಟಿಗೆ ಅಚ್ಚರಿಯೇ.

ಮುಂದೆ ಎನಿಗ್ಮಾ 2 ಬಂದಾಗ ಒಳಗಿನ ತಿರುಳು ಸಿ++ನಲ್ಲೇ ಉಳಿದು ಮೇಲ್ಪದರ ಪೈಥಾನ್‌ಗೆ ಬದಲಾಯಿತು. ಈ ಒಂದು ತೀರ್ಮಾನದಿಂದ ಡೆವಲಪರ್‌ಗಳ ಸಂಖ್ಯೆ ಬೆಳೆಯಿತು. ಕ್ರಾಸ್-ಕಂಪೈಲರ್ ಹೊಂದಿಸಿಕೊಳ್ಳಲಾಗದ ಹವ್ಯಾಸಿಯೂ ಒಂದು ಪಠ್ಯ ಕಡತವನ್ನು ಪೆಟ್ಟಿಗೆಗೆ ಸೇರಿಸಿ ಪ್ಲಗಿನ್ ಬರೆಯಬಹುದಾಯಿತು. ಹವಾಮಾನ, ಕಾರ್ಯಕ್ರಮ ಪಟ್ಟಿ, ತನ್ನಷ್ಟಕ್ಕೇ ರೆಕಾರ್ಡ್ ಮಾಡುವ ಟೈಮರ್ ಎಂದು ನೂರಾರು ಪ್ಲಗಿನ್‌ಗಳು ಬಂದವು. ನೆದರ್ಲೆಂಡ್ಸ್‌ನ ಓಪನ್‌ಪಿಎಲ್‌ಐ, ಆಮೇಲೆ ಓಪನ್‌ಎಟಿವಿ ಮುಂತಾದ ತಂಡಗಳು ಪೆಟ್ಟಿಗೆಗೆ ತುಂಬುವ ಪೂರ್ತಿ ತಂತ್ರಾಂಶದ ತಮ್ಮದೇ ಇಮೇಜ್‌ಗಳನ್ನು ಕಟ್ಟಿ ಹಂಚಿದವು.

ಆದರೆ ಇದಕ್ಕೆ ಎರಡು ನೆರಳುಗಳಿದ್ದವು. ಒಂದು, ಟ್ಯೂನರ್ ಮತ್ತು ಡಿಕೋಡರ್‌ನ ಡ್ರೈವರ್‌ಗಳು ಬೈನರಿ ರೂಪದಲ್ಲೇ ಬರುತ್ತಿದ್ದವು, ಅವುಗಳ ಸೋರ್ಸ್ ಕೋಡ್ ಇಲ್ಲ. ಕರ್ನೆಲ್ ಬದಲಿಸಬೇಕೆಂದರೆ ಕಂಪನಿಯನ್ನೇ ಕಾಯಬೇಕು. ಇನ್ನೊಂದು, ತೆರೆದ ಪೆಟ್ಟಿಗೆಗೆ ಕಾರ್ಡಿನ ಕೆಲಸವನ್ನು ಅನುಕರಿಸುವ ತಂತ್ರಾಂಶವನ್ನು ತುಂಬುವುದು ಸುಲಭವಾಗಿತ್ತು. ಒಂದು ಚಂದಾ ಕಾರ್ಡಿನ ಕೀಲಿಯನ್ನು ಇಂಟರ್‌ನೆಟ್ ಮೂಲಕ ಹಲವು ಪೆಟ್ಟಿಗೆಗಳಿಗೆ ಹಂಚುವ ‘ಕಾರ್ಡ್ ಶೇರಿಂಗ್’ ಹಬ್ಬಿತು, ಡ್ರೀಮ್‌ಬಾಕ್ಸ್ ಎಂದರೆ ಕಳ್ಳ ವೀಕ್ಷಣೆ ಎಂಬ ಹೆಸರು ಬಂತು. ಕೋಡ್ ಬರೆದವರಿಗೆ ಆ ಹೆಸರು ಅನ್ಯಾಯವೇ. ಎನಿಗ್ಮಾದ ಸೋರ್ಸ್ ಕೋಡಿನಲ್ಲಿ ಅಂಥ ಭಾಗವೇ ಇರಲಿಲ್ಲ.

ಪ್ರಸಿದ್ಧಿಯ ಬೆನ್ನಿಗೆ ನಕಲುಗಳೂ ಬಂದವು. ಡಿಎಂ500, ಡಿಎಂ800 ಮಾದರಿಗಳ ಅಗ್ಗದ ನಕಲುಗಳು ಮಾರುಕಟ್ಟೆಯನ್ನು ತುಂಬಿದಾಗ ಕಂಪನಿ ಅಸಲಿ ಪೆಟ್ಟಿಗೆಯನ್ನು ಗುರುತಿಸುವ ಭದ್ರತಾ ಚಿಪ್ ಇಟ್ಟಿತು. ಕೆಲವು ಪ್ಲಗಿನ್‌ಗಳ ಲೈಸೆನ್ಸಿನಲ್ಲಿ ಡ್ರೀಮ್ ಒಪ್ಪಿದ ಹಾರ್ಡ್‌ವೇರಿನಲ್ಲಷ್ಟೇ ಓಡಿಸಬೇಕೆಂಬ ಷರತ್ತು ಕಾಣಿಸಿಕೊಂಡಿತು. ತೆರೆದ ಬಾಗಿಲನ್ನೇ ಬಂಡವಾಳ ಮಾಡಿಕೊಂಡ ಕಂಪನಿ ಬಾಗಿಲು ಕಿರಿದು ಮಾಡತೊಡಗಿದಾಗ ಡೆವಲಪರ್‌ಗಳಲ್ಲಿ ಹಲವರು ಕೊರಿಯಾದ ವಿಯು+ ಮುಂತಾದ ಪೆಟ್ಟಿಗೆಗಳತ್ತ ಹೊರಳಿದರು. ಎನಿಗ್ಮಾ 2 ಅಲ್ಲೂ ಓಡುತ್ತಿತ್ತು. ತಯಾರಕ ಬೇಸರ ತರಿಸಿದರೂ ತಂತ್ರಾಂಶ ಬೇರೆ ಮನೆಗೆ ಹೋಗಿ ಬದುಕುತ್ತದೆ ಎಂಬುದಕ್ಕೆ ಇದು ಪ್ರತ್ಯಕ್ಷ ಸಾಕ್ಷಿ.

ನ್ಯೂರೋಸ್ ಓಎಸ್‌ಡಿ

ಇದೇ ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ ಷಿಕಾಗೋದ ನ್ಯೂರೋಸ್ ಎಂಬ ಸಣ್ಣ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಅದರ ಮುಖ್ಯಸ್ಥ ಜೋ ಬಾರ್ನ್ ಅದಕ್ಕೆ ಮೊದಲು ಗೀರು ಬಿದ್ದ ಸಿಡಿಗಳನ್ನು ಸರಿಪಡಿಸುವ ‘ಸ್ಕಿಪ್‌ಡಾಕ್ಟರ್’ ಮಾಡಿ ಹೆಸರಾದವರು. 2006ರಲ್ಲಿ ಬಂದ ‘ಓಎಸ್‌ಡಿ’, ಅಂದರೆ ಓಪನ್ ಸೋರ್ಸ್ ಡಿವೈಸ್, ಟ್ಯೂನರನ್ನೇ ಇಟ್ಟುಕೊಳ್ಳಲಿಲ್ಲ. ಕೇಬಲ್ ಪೆಟ್ಟಿಗೆ ಬಿಡಿಸಿ ಕೊಟ್ಟ ಚಿತ್ರವನ್ನು ಅದರ ಅನಲಾಗ್ ತಂತಿಯಿಂದ ತೆಗೆದುಕೊಂಡು ಎಂಪೆಗ್-4ಗೆ ಬದಲಿಸಿ ಮೆಮರಿ ಕಾರ್ಡ್, ಯುಎಸ್‌ಬಿ ಡಿಸ್ಕ್ ಅಥವಾ ನೆಟ್‌ವರ್ಕಿಗೆ ಬರೆಯುತ್ತಿತ್ತು. ಚಾನೆಲ್ ಬದಲಿಸಬೇಕಾದಾಗ ಇನ್‌ಫ್ರಾರೆಡ್ ಕಿರಣ ಬಿಟ್ಟು ಕೇಬಲ್ ಪೆಟ್ಟಿಗೆಗೆ ರಿಮೋಟಿನಂತೆ ಆಜ್ಞೆ ಕೊಡುತ್ತಿತ್ತು. ಒಳಗಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಎಂ320: ಲಿನಕ್ಸ್ ಓಡಿಸಲು ಒಂದು ಆರ್ಮ್ ಪ್ರೊಸೆಸರ್, ಚಿತ್ರದ ಕೆಲಸಕ್ಕೆ ಪಕ್ಕದಲ್ಲಿ ಒಂದು ಡಿಎಸ್‌ಪಿ.

ಈ ಆಯ್ಕೆಯ ಜಾಣತನವನ್ನು ಮೆಚ್ಚಲೇಬೇಕು. ಕಾರ್ಡು, ಗೂಢಲಿಪಿ, ಕಂಪನಿಯ ಬೂಟ್‌ಲೋಡರ್ ಎಲ್ಲವೂ ಕೇಬಲ್ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಗ್ರಾಹಕ ಹಣ ಕೊಟ್ಟು ಪಡೆದ ಚಿತ್ರ ಹೊರಬಂದ ಮೇಲೆ ಅದನ್ನು ಹಿಡಿಯಲು ಯಾರ ಬೀಗವನ್ನೂ ಮುರಿಯಬೇಕಿಲ್ಲ. ಹಾಲಿವುಡ್‌ಗೆ ಕಳವಳ ತಂದದ್ದೂ ಇದೇ. ‘ಅನಲಾಗ್ ರಂಧ್ರ’ ಮುಚ್ಚಲೆಂದು 2005ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಸದಸ್ಯರಾದ ಸೆನ್‌ಸೆನ್‌ಬ್ರೆನ್ನರ್ ಮತ್ತು ಕಾನ್ಯರ್ಸ್ ಒಂದು ಮಸೂದೆ ಮಂಡಿಸಿದ್ದರು. ಅನಲಾಗ್ ವಿಡಿಯೊ ತೆಗೆದುಕೊಳ್ಳುವ ಪ್ರತಿ ಸಾಧನವೂ ಅದರಲ್ಲಿ ಅಡಗಿಸಿಟ್ಟ ನಕಲು-ನಿಷೇಧದ ಗುರುತನ್ನು ಪಾಲಿಸಬೇಕು ಎಂಬುದು ಅದರ ಸಾರ. ನ್ಯೂರೋಸ್ ಇದರ ವಿರುದ್ಧ ಬಹಿರಂಗವಾಗಿ ನಿಂತಿತು. ಮಸೂದೆ ಕಾಯ್ದೆಯಾಗಲಿಲ್ಲ.

ತಂತ್ರಾಂಶ ಪೂರ್ತಿಯಾಗುವ ಮೊದಲೇ ಕಂಪನಿ ಪೆಟ್ಟಿಗೆಯನ್ನು ಡೆವಲಪರ್‌ಗಳಿಗೆ ಮಾರತೊಡಗಿತು, ಬೇಕಾದ ಸೌಲಭ್ಯಗಳ ಪಟ್ಟಿ ಹಾಕಿ, ಬರೆದುಕೊಟ್ಟವರಿಗೆ ನಗದು ಬಹುಮಾನವನ್ನೂ ಸಾರಿತು. ಯೂಟ್ಯೂಬ್ ನೋಡುವ ಸೌಲಭ್ಯ ಆ ಪಟ್ಟಿಯಲ್ಲಿತ್ತು. ಆದರೆ ಡಿಎಸ್‌ಪಿಯ ಮೇಲೆ ಓಡುವ ಕೋಡೆಕ್‌ಗಳು ಇಲ್ಲೂ ಮುಚ್ಚಿದವೇ. ಆರ್ಮ್ ಕಡೆಯ ಮೆನು, ನೆಟ್‌ವರ್ಕ್, ಕಡತ ವ್ಯವಸ್ಥೆ ತಿದ್ದಬಹುದು, ಚಿತ್ರ ತಯಾರಾಗುವ ಜಾಗಕ್ಕೆ ಕೈ ಹಾಕುವಂತಿಲ್ಲ. ಮುಂದಿನ ಹೆಜ್ಜೆಯಾದ ಓಎಸ್‌ಡಿ 2 ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಾವಿಂಚಿ ಸಾಲಿನ ಡಿಎಂ6446 ಚಿಪ್ ಆಧರಿಸಿತ್ತು. ಹೈ-ಡೆಫಿನಿಷನ್‌ನತ್ತ ಮುಖ ಮಾಡಿದ್ದ ಈ ಬೋರ್ಡನ್ನು ಡೆವಲಪರ್‌ಗಳಿಗೇ ಮೊದಲು ಕೊಡಲಾಯಿತು. ಅಷ್ಟರಲ್ಲಿ ಗಾಳಿ ಬದಲಾಗಿತ್ತು. 2008ರಲ್ಲಿ ನ್ಯೂರೋಸ್ ಉಬುಂಟು ಓಡುವ ‘ಲಿಂಕ್’ ಎಂಬ ಪಿಸಿ ಮಾದರಿಯ ಪೆಟ್ಟಿಗೆಗೆ ಹೊರಳಿತು. 2010ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಹೊಸ ಸಿನಿಮಾಗಳ ಕೆಲವು ಪ್ರಸಾರಗಳಿಗೆ ಪೆಟ್ಟಿಗೆಯ ಅನಲಾಗ್ ಕಿಂಡಿಯನ್ನು ದೂರದಿಂದಲೇ ಮುಚ್ಚಲು ಅನುಮತಿ ಕೊಟ್ಟಿತು. ಎಚ್‌ಡಿಎಂಐ ತಂತಿಯಲ್ಲಿ ಗೂಢಲಿಪಿ ಸಹಜವಾಯಿತು. ನ್ಯೂರೋಸ್ ನಂಬಿದ ಆ ಕಿಂಡಿಯೇ ಹೊಸ ಪೆಟ್ಟಿಗೆಗಳಿಂದ ಮರೆಯಾಗತೊಡಗಿತು.

ಎಕ್ಸ್‌ಬಿಎಂಸಿ, ರಾಸ್ಪ್‌ಬೆರಿ ಪೈ

ಇವತ್ತು ಕೋಡಿ ಎಂದು ಕರೆಯುವ ಎಕ್ಸ್‌ಬಿಎಂಸಿ ಎಂಬ ಮೀಡಿಯಾ ಪ್ಲೇಯರ್ ತಂತ್ರಾಂಶ ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಗೇಮ್ ಕನ್ಸೋಲ್ ಮೇಲೆ, ಬೀಗ ಮುರಿದವರ ನಡುವೆ ಹುಟ್ಟಿತು. ಮೈಕ್ರೋಸಾಫ್ಟ್‌ನ ಡೆವಲಪರ್ ಕಿಟ್ ಬಳಸಿ ಕಂಪೈಲ್ ಮಾಡಬೇಕಿದ್ದರಿಂದ ತಂಡ ಸೋರ್ಸ್ ಕೋಡನ್ನಷ್ಟೇ ಹಂಚುತ್ತಿತ್ತು. ಆ ಕೋಡಿನಿಂದ ಕವಲೊಡೆದ ‘ಬಾಕ್ಸೀ’ 2010ರಲ್ಲಿ ಡಿ-ಲಿಂಕ್‌ನ ಪೆಟ್ಟಿಗೆಯಾಗಿ ಬಂದಾಗ ಅದಕ್ಕೂ ಬೀಗ ಬಿದ್ದಿತ್ತು.

2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಶಾಲಾ ಮಕ್ಕಳಿಗೆಂದು ಮಾಡಿದ 35 ಡಾಲರ್‌ನ ಬೋರ್ಡ್. ಆದರೆ ಅದರ ಬ್ರಾಡ್‌ಕಾಮ್ ಚಿಪ್ ಮಲ್ಟಿಮೀಡಿಯಾಕ್ಕೆಂದೇ ಮಾಡಿದ್ದು, ರೋಕು 2 ಎಂಬ ಸ್ಟ್ರೀಮಿಂಗ್ ಪೆಟ್ಟಿಗೆಯಲ್ಲೂ ಅದೇ ಇತ್ತು. ಎಕ್ಸ್‌ಬಿಎಂಸಿ ಅದಕ್ಕೆ ಬಂದ ಮೇಲೆ ಅತಿ ಅಗ್ಗದ ಮುಕ್ತ ಟಿವಿ ಪೆಟ್ಟಿಗೆ ಅದೇ ಆಯಿತು. ಇಲ್ಲೂ ಪೇಟೆಂಟಿನ ತೊಡಕು ತಪ್ಪಲಿಲ್ಲ. ಎಂಪೆಗ್-2 ಬಿಚ್ಚುವ ಸಾಮರ್ಥ್ಯ ಚಿಪ್ಪಿನಲ್ಲಿದ್ದರೂ ರಾಯಧನ ಕಟ್ಟಿರಲಿಲ್ಲವಾಗಿ ಅದು ಮಲಗಿತ್ತು. 2012ರ ಆಗಸ್ಟಿನಿಂದ 2.40 ಪೌಂಡ್ ಕೊಟ್ಟು ಬೋರ್ಡಿನ ಕ್ರಮಸಂಖ್ಯೆಗೆ ಹೊಂದುವ ಕೀಲಿ ಕೊಂಡರೆ ಎಚ್ಚರವಾಗುತ್ತಿತ್ತು. 3ಡಿ ಗ್ರಾಫಿಕ್ಸ್ ಭಾಗದ ಕೈಪಿಡಿಯನ್ನು ಬ್ರಾಡ್‌ಕಾಮ್ 2014ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಹದಿನೈದು ವರ್ಷ ಹವ್ಯಾಸಿಗಳು ಕೇಳುತ್ತಿದ್ದ ಬಗೆಯ ಕಾಗದ ಅದು. 2018ರ ಅಕ್ಟೋಬರಿನಲ್ಲಿ ಪೈಗೆ ಡಿವಿಬಿ-ಟಿ2 ಟ್ಯೂನರ್ ಇರುವ ಟಿವಿ ಹ್ಯಾಟ್ ಎಂಬ ಜೋಡಣೆ ಬೋರ್ಡ್ ಬಂತು. ಟಿವಿಹೆಡೆಂಡ್ ತಂತ್ರಾಂಶದ ಜೊತೆ ಸೇರಿಸಿದರೆ ಅದು ಮನೆಯ ಎಲ್ಲ ಪರದೆಗಳಿಗೂ ಪ್ರಸಾರ ಹಂಚುತ್ತದೆ.

ಕೇಬಲ್ ಕಂಪನಿಗಳು ಇದೇ ಅವಧಿಯಲ್ಲಿ ಬೇರೆ ಬಗೆಯಲ್ಲಿ ತೆರೆದುಕೊಂಡವು. ಕಾಮ್‌ಕಾಸ್ಟ್ 2012ರಲ್ಲಿ ಆರಂಭಿಸಿದ ಆರ್‌ಡಿಕೆ ಎಂಬುದು ಸದಸ್ಯ ಕಂಪನಿಗಳ ನಡುವೆ ಸೆಟ್-ಟಾಪ್ ಬಾಕ್ಸ್ ತಂತ್ರಾಂಶದ ಕೋಡ್ ಹಂಚಿಕೊಳ್ಳುವ ವ್ಯವಸ್ಥೆ, ಬೆಂಗಳೂರಿನ ಟಾಟಾ ಎಲೆಕ್ಸಿಯಂಥ ಸಂಸ್ಥೆಗಳು ಅದರಲ್ಲಿ ಕೆಲಸ ಮಾಡುತ್ತವೆ. ಆಂಡ್ರಾಯ್ಡ್ ಟಿವಿಯ ತಳದಲ್ಲೂ ಮುಕ್ತ ಕೋಡಿದೆ. ಮನೆಯ ಬಳಕೆದಾರನಿಗೆ ಮಾತ್ರ ಎರಡರಲ್ಲೂ ಬೂಟ್‌ಲೋಡರ್ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. 2021ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶದ ಪರವಾದ ಸಂಸ್ಥೆ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ, ವಿಜಿಯೊ ಟಿವಿಗಳ ಸೋರ್ಸ್ ಕೋಡ್ ಕೊಡಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಹಕ್ಕುಸ್ವಾಮ್ಯ ಇರುವವರಾಗಿ ಅಲ್ಲ, ಟಿವಿ ಕೊಂಡ ಗ್ರಾಹಕರಾಗಿ ಕೇಳುತ್ತಿದ್ದೇವೆ ಎಂಬುದು ಅದರ ಹೊಸತನ.

ಭಾರತದಲ್ಲಿ

ಕೇಬಲ್ ಡಿಜಿಟಲೀಕರಣದ ಎರಡನೇ ಹಂತ 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರು, ಮೈಸೂರುಗಳಿಗೆ ಬಂದಾಗ ಇಲ್ಲಿನ ಮನೆಗಳಿಗೆ ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾಯಿತು. ಕೇಬಲ್‌ನವರು ಬದಲಾದರೆ ಪೆಟ್ಟಿಗೆಯೂ ಬದಲಾಗಬೇಕು, ಹಳೆಯದು ಮೂಲೆ ಸೇರುತ್ತದೆ. ಇದಕ್ಕೆ ಪರಿಹಾರವಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಎಲ್ಲ ಪೆಟ್ಟಿಗೆಗಳೂ ಯಾವ ಸೇವೆಗಾದರೂ ಹೊಂದಿಕೊಳ್ಳುವಂತಿರಬೇಕು, ಗೂಢಲಿಪಿಯ ಭಾಗ ಯುಎಸ್‌ಬಿ ಮಾದರಿಯ ಮಾಡ್ಯೂಲ್‌ನಲ್ಲಿರಬೇಕು ಎಂದು ಶಿಫಾರಸು ಮಾಡಿತು. ಡಿವಿಬಿ ಸಿಐ+ 2.0 ಮಾನಕ ಅದಕ್ಕೆ ಆಧಾರ. ಇದಕ್ಕೂ ಮೊದಲು ಬೆಂಗಳೂರಿನ ಬೈಡಿಸೈನ್ ಸಂಸ್ಥೆ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಕೇಂದ್ರ ಸರ್ಕಾರದ ನೆರವಿನಿಂದ ‘ಇಂಡಿಯನ್ ಕ್ಯಾಸ್’ ಎಂಬ ದೇಶೀ ಗೂಢಲಿಪಿ ವ್ಯವಸ್ಥೆ ಮಾಡಿದ್ದವು. ದೇಶೀ ತಯಾರಕರಿಗೆ ಪೆಟ್ಟಿಗೆಯೊಂದಕ್ಕೆ ಅರ್ಧ ಡಾಲರ್‌ಗೆ ಅದರ ಲೈಸೆನ್ಸ್ ಕೊಡಲಾಯಿತು. ಅದು ಓಪನ್ ಸೋರ್ಸ್ ಅಲ್ಲ, ಆದರೆ ವಿದೇಶಿ ಬೀಗಕ್ಕೆ ತೆರುತ್ತಿದ್ದ ಬೆಲೆಯನ್ನು ಇಳಿಸುವ ನೇರ ಪ್ರಯತ್ನ.

ಕನ್ನಡದ ಡೆವಲಪರ್‌ಗೆ ಇಂದು ಕೈಗೆಟಕುವ ನಿಜವಾದ ಮುಕ್ತ ವೇದಿಕೆ ಬೇರೆಯೇ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ದೂರದರ್ಶನದ ಫ್ರೀ ಡಿಶ್ ಸೇವೆಯಲ್ಲಿ ಗೂಢಲಿಪಿಯಿಲ್ಲದ ಚಾನೆಲ್‌ಗಳು ಬರುತ್ತವೆ, ಡಿಡಿ ಚಂದನವೂ ಫ್ರೀ ಡಿಶ್‌ನಲ್ಲಿ ಸಿಗುತ್ತದೆ. ಲಿನಕ್ಸ್ ಬೆಂಬಲವಿರುವ ಡಿವಿಬಿ-ಎಸ್2 ಟ್ಯೂನರನ್ನು ಯುಎಸ್‌ಬಿಗೆ ಚುಚ್ಚಿ, ಡಿಶ್ ಕೇಬಲ್ ಸಿಕ್ಕಿಸಿ, ಟಿವಿಹೆಡೆಂಡ್‌ಗೆ ಟ್ರಾನ್ಸ್‌ಪಾಂಡರ್‌ನ ಆವರ್ತನ ಕೊಟ್ಟರೆ ಪಿಐಡಿ 0ರಿಂದ ಪಟ್ಟಿ ಬಿಚ್ಚಿಕೊಂಡು ಚಾನೆಲ್‌ಗಳು ಸಾಲಾಗಿ ಬರುತ್ತವೆ. ಕಾರ್ಡು, ಮಾಡ್ಯೂಲ್, ಸಹಿ ಮಾಡಿದ ಕರ್ನೆಲ್ ಯಾವುದೂ ಬೇಕಿಲ್ಲ.